28 ದಿನದೊಳಗೆ ಒಂದು ಕಾಗದ: ದುಬೈ ಸೈಟಿನಲ್ಲಿ ಇಒಟಿ ಕ್ಲೇಮ್ ಮುಗಿಸಿದ ಅನುಭವ

ಅಂತೂ ನಮ್ಮ ಪ್ರಾಜೆಕ್ಟಿಗೆ ಅವಧಿ ವಿಸ್ತರಣೆ ಸಿಕ್ಕಿತು. ಸೈಟಿನಲ್ಲಿ ಎಲ್ಲರೂ ಇಒಟಿ ಎನ್ನುವುದು ಇದಕ್ಕೇ. ಕೇಳಿದಷ್ಟು ಸಿಗಲಿಲ್ಲ, ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬಂತು. ದುಡ್ಡಿನ ವಿಷಯದಲ್ಲಿ ಅಷ್ಟೂ ಇಲ್ಲ. ಆದರೂ ಪ್ರತಿ ತಿಂಗಳ ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತಿದ್ದ ವಿಳಂಬದ ದಂಡ ನಿಂತಿತಲ್ಲ, ಅದೇ ದೊಡ್ಡದು. ದಕ್ಷಿಣ ಕನ್ನಡ, ಉಡುಪಿ ಕಡೆಯ ಕಾಲೇಜುಗಳಲ್ಲಿ ಸಿವಿಲ್ ಓದಿ ಗಲ್ಫಿಗೆ ಪ್ಲಾನಿಂಗ್ ಎಂಜಿನಿಯರ್ ಆಗಿ ಬರುವವರು ಬಹಳ ಜನ ಇದ್ದಾರೆ. ವೇಳಾಪಟ್ಟಿ ಹಾಕುವ ಪ್ರೈಮವೇರಾ ಸಾಫ್ಟ್‌ವೇರ್ ಕಲಿತು ಬರುತ್ತಾರೆ, ಇದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಂಥವರಿಗೆ ಉಪಯೋಗವಾಗಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಮ್ಮದು ದುಬೈ ಹೊರವಲಯದ ಒಂದು ವಸತಿ ಕಟ್ಟಡ, ನಾವು ಅದರ ಗುತ್ತಿಗೆದಾರರು. ಕೆಳಗೆ ಎರಡು ಬೇಸ್‌ಮೆಂಟ್, ಮೇಲೆ ಹನ್ನೆರಡು ಮಹಡಿ. ಮಾಲೀಕರು ಒಂದು ಎಮಿರಾತಿ ಕುಟುಂಬ. ಮಾಲೀಕರ ಪರವಾಗಿ ಕೆಲಸದ ಉಸ್ತುವಾರಿ ನೋಡುವ ಕನ್ಸಲ್ಟೆಂಟ್ ಸಂಸ್ಥೆಯ ಮುಖ್ಯಸ್ಥರು ಬ್ರಿಟಿಷರು, ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಜೋರ್ಡಾನಿನವರು, ಗಾಜಿನ ಮುಂಭಾಗದ ಗುತ್ತಿಗೆ ಜರ್ಮನ್ ಕಂಪನಿಯದು. ದುಡಿಯುವ ಕೈಗಳು ಬಿಹಾರ, ತೆಲಂಗಾಣ, ಬಾಂಗ್ಲಾದೇಶ, ಪಾಕಿಸ್ತಾನದವು. ಕರಾರು ಇಲ್ಲಿ ಬಹುತೇಕ ಕಡೆ ಇರುವ ಫಿಡಿಕ್ (ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) 1999ರ ರೆಡ್ ಬುಕ್ ನಮೂನೆ, ಅದರ ಮೇಲೆ ಮಾಲೀಕರ ವಕೀಲರು ಸೇರಿಸಿದ ದಪ್ಪನೆಯ ವಿಶೇಷ ಷರತ್ತುಗಳು. ತಡವಾದರೆ ದಿನಕ್ಕೆ ಇಷ್ಟು ಅಂತ ದಂಡ, ಒಟ್ಟು ದಂಡ ಕರಾರಿನ ಮೊತ್ತದ ಶೇಕಡ 10 ದಾಟುವ ಹಾಗಿಲ್ಲ. ಹತ್ತು ಅಂದರೆ ಕಡಿಮೆ ಅನ್ನಿಸಬಹುದು. ಕಟ್ಟಡದ ಗುತ್ತಿಗೆಯಲ್ಲಿ ಲಾಭವೇ ಅಷ್ಟಿರುವುದಿಲ್ಲ ಮಾರಾಯ್ರೆ.

ಕಂಪನಿಗೆ ಸೇರಿದ ಹೊಸದರಲ್ಲಿ ಒಂದು ತರಬೇತಿ ಕೊಟ್ಟಿದ್ದರು. ಅದರಲ್ಲೊಂದು ಸ್ಲೈಡು: ಯುರೋಪಿನವರು ಸಮಯಕ್ಕೆ ಬೆಲೆ ಕೊಡುತ್ತಾರೆ, ಅರಬರೂ ಭಾರತೀಯರೂ ಕೊಡುವುದಿಲ್ಲ. ಅದನ್ನು ನಂಬಿಕೊಂಡು ಪ್ರೋಗ್ರಾಂ, ಅಂದರೆ ಕೆಲಸದ ವೇಳಾಪಟ್ಟಿ, ಮಾಡಿದರೆ ಕೆಟ್ಟಿರಿ. ಈ ಸೈಟಿನಲ್ಲಿ ಸಮಯಕ್ಕೆ ಬೆಲೆ ಕೊಡದವರನ್ನು ನಾನು ಯಾರನ್ನೂ ಕಾಣಲಿಲ್ಲ. ಯಾವುದನ್ನು ತಡ ಅನ್ನಬೇಕು, ಅದನ್ನು ಯಾರ ಮುಂದೆ ಹೇಗೆ ಹೇಳಬೇಕು ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ರೀತಿ.

ಮೊದಲ ಜಗಳ ಕ್ಯಾಲೆಂಡರಿನದು. ಕೆಲಸ ಶುರು ಮಾಡಿ ಎಂಬ ನೋಟಿಸ್ ಬಂದ 28 ದಿನದೊಳಗೆ ಪ್ರೋಗ್ರಾಂ ಸಲ್ಲಿಸಬೇಕು. ಟೆಂಡರ್ ವಿಭಾಗದವರು ಕೊಟ್ಟಿದ್ದ ಪ್ರೋಗ್ರಾಂ ತೆರೆದು ನೋಡಿದರೆ ಎಲ್ಲ ವರ್ಷವೂ ರಂಜಾನ್ ಒಂದೇ ತಿಂಗಳಲ್ಲಿ ಕೂತಿತ್ತು. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಮಾರ್ಚ್ 23ಕ್ಕೆ ಶುರುವಾದದ್ದು 2025ರಲ್ಲಿ ಮಾರ್ಚ್ 1ಕ್ಕೇ ಬಂತು. ಆ ತಿಂಗಳು ಉಪವಾಸ ಇರಲಿ ಬಿಡಲಿ, ಎಲ್ಲ ನೌಕರರಿಗೂ ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ. ಇದು ಇಲ್ಲಿನ ಕಾನೂನು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ಬಿಸಿಲಿನಲ್ಲಿ ಕೆಲಸ ನಿಷಿದ್ಧ, ಸಿಕ್ಕಿಬಿದ್ದರೆ ತಲೆಗೆ 5,000 ದಿರ್ಹಂ ದಂಡ. 2022ರ ಜನವರಿಯಿಂದ ಸರಕಾರಿ ಕಚೇರಿಗಳ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿ, ಶುಕ್ರವಾರ ಅರ್ಧ ದಿನವಾಯಿತು. ಹಳೆಯ ಪ್ರಾಜೆಕ್ಟಿನ ಕ್ಯಾಲೆಂಡರನ್ನೇ ನಕಲು ಮಾಡಿಕೊಂಡವರ ಪ್ರೋಗ್ರಾಂಗಳಲ್ಲಿ ಶುಕ್ರವಾರ ಪೂರ್ತಿ ರಜೆ, ಭಾನುವಾರ ಸರಕಾರಿ ತಪಾಸಣೆ ಅಂತ ಈಗಲೂ ಇರುತ್ತದೆ.

ಇಲ್ಲೊಂದು ಮಾತು. ರಂಜಾನ್, ಈದ್, ಮಧ್ಯಾಹ್ನದ ವಿರಾಮ ಇವೆಲ್ಲ ಮೊದಲೇ ಗೊತ್ತಿರುವ ಸಂಗತಿಗಳು. ಅವನ್ನು ಬೇಸ್‌ಲೈನಿನಲ್ಲಿ (ಒಪ್ಪಿಗೆಯಾಗುವ ಮೂಲ ಪ್ರೋಗ್ರಾಂನಲ್ಲಿ) ಹಾಕದೆ ಬಿಟ್ಟು ಆಮೇಲೆ ಅವಧಿ ಕೇಳಿದರೆ ಒಂದು ದಿನವೂ ಸಿಗುವುದಿಲ್ಲ. ಬೇಸ್‌ಲೈನಿಗೆ ಒಪ್ಪಿಗೆ ಪಡೆಯಲು ನಮಗೆ ತಿಂಗಳುಗಟ್ಟಲೆ ಹಿಡಿಯಿತು. ಕನ್ಸಲ್ಟೆಂಟ್ ಒಂದೊಂದು ಸಲ ಒಂದೊಂದು ಆಕ್ಷೇಪ ತೆಗೆಯುತ್ತಿದ್ದರು. ಒಪ್ಪಿಗೆಯಾದ ಬೇಸ್‌ಲೈನ್ ಇಲ್ಲದಿದ್ದರೆ ಮುಂದೆ ಕ್ಲೇಮಿಗೆ ನೆಲೆಯೇ ಇಲ್ಲ, ಹಾಗಾಗಿ ಎಷ್ಟೇ ಬೇಸರವಾದರೂ ಬೆನ್ನು ಬಿಡಬೇಡಿ.

ಕ್ಯಾಲೆಂಡರಿನಲ್ಲಿ ಹಾಕಲಾಗದ ಕಾಲಗಳೂ ಇದ್ದವು. ಮೊದಲ ರಾಫ್ಟ್ (ಅಡಿಪಾಯದ ಹಾಸು) ಕಾಂಕ್ರೀಟು ಒಂದು ಶುಕ್ರವಾರಕ್ಕೆ ನಿಗದಿಯಾಗಿತ್ತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಆಗ ಮೊದಲ ಬಕೆಟ್ ಇಳಿಸುವುದಿಲ್ಲ ಅಂತ ತೆಲಂಗಾಣದ ಫೋರ್‌ಮನ್. ಆಗಿನ್ನೂ ಜುಮ್ಮಾ ನಮಾಜು ಒಂದೂಕಾಲಿಗೆ ಇತ್ತು, ಅರ್ಧಕ್ಕರ್ಧ ಜನ ಮಸೀದಿಗೆ. ಜೋರ್ಡಾನಿನ ಮ್ಯಾನೇಜರ್ ಜುಮ್ಮಾಕ್ಕೆ ಹೊರಟವರು, ರಾಹುಕಾಲದ ಕಥೆ ಕೇಳಿ ನಗಲಿಲ್ಲ. ‘ಹಾಗಾದರೆ ಬೆಳಗಿನ ಜಾವ ಶುರು ಮಾಡಿ’ ಅಂದರು. ಬೆಳಗಿನ ಜಾವ ಅಂದರೆ ಕನ್ಸಲ್ಟೆಂಟ್ ಇನ್‌ಸ್ಪೆಕ್ಟರ್‌ಗೆ ಓವರ್‌ಟೈಮ್, ಅದನ್ನು ಕಟ್ಟುವವರು ಗುತ್ತಿಗೆದಾರರು, ಅಂದರೆ ನಾವು. ರಾತ್ರಿ ಕೆಲಸ ಹಾಕಿ ಸಮಯ ಉಳಿಸುತ್ತೇವೆ ಅಂತ ಪ್ರೋಗ್ರಾಂನಲ್ಲಿ ಸಲೀಸಾಗಿ ಬರೆಯುವವರು ಈ ಖರ್ಚನ್ನು ಒಂದು ಸಲ ಲೆಕ್ಕ ಹಾಕಿ ನೋಡಿ.

ಆಮೇಲೆ ಬಂತು 2024ರ ಏಪ್ರಿಲ್ 16. ಯುಎಇಯಲ್ಲಿ 1949ರಿಂದ ಮಳೆಯ ದಾಖಲೆ ಇದೆ, ಅಷ್ಟೂ ವರ್ಷದಲ್ಲಿ ಅಂಥ ಮಳೆ ಆಗಿರಲಿಲ್ಲ. ಅಲ್ ಐನ್ ಭಾಗದ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್. ಊರಿಗೆ ಫೋನ್ ಮಾಡಿದರೆ ‘ಅಷ್ಟೇನಾ, ನಮ್ಮಲ್ಲಿ ಆಟಿ ತಿಂಗಳಲ್ಲಿ ಆಗುವುದಿಲ್ವಾ’ ಅಂತ ಅಮ್ಮ. ನಮ್ಮಲ್ಲಿ ನೀರು ಹರಿದು ಹೋಗಲು ತೋಡು ಇದೆ, ಹೊಳೆ ಇದೆ, ಇಲ್ಲಿ ನಿಂತ ನೀರು ನಿಂತೇ ಬಿಡುತ್ತದೆ. ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು ನಿಂತದ್ದನ್ನು ನೀವೂ ನೋಡಿರುತ್ತೀರಿ. ನಮ್ಮ ಸೈಟಿನಲ್ಲಿ ಕೆಳಗಿನ ಬೇಸ್‌ಮೆಂಟ್ ಕೆರೆಯಾಗಿತ್ತು. ಕಾಲಮ್ಮಿನ ಸ್ಟಾರ್ಟರ್ ಕಂಬಿಗಳ ತುದಿಗೆ ಹಾಕಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟೊಪ್ಪಿಗಳಷ್ಟೇ ಸಾಲಾಗಿ ಮೇಲೆ ಕಾಣುತ್ತಿದ್ದವು. ಶಟರಿಂಗ್ ಪ್ಲೈವುಡ್‌ಗಳು ತೇಲಿಕೊಂಡು ಹೋಗಿ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಒರಗಿದ್ದವು. ನೀರು ಎಳೆಯುವ ಟ್ಯಾಂಕರಿನವರು ಹೇಳಿದ್ದೇ ರೇಟು, ಅದಕ್ಕೂ ಸರದಿ.

ನಮ್ಮ ಕ್ಯೂಎಸ್ (ಕೆಲಸದ ಅಳತೆ, ಹಣದ ಲೆಕ್ಕ ನೋಡುವ ಕ್ವಾಂಟಿಟಿ ಸರ್ವೇಯರ್) ಶಿರಸಿಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಮಂಡಿವರೆಗೆ ಪ್ಯಾಂಟು ಮಡಚಿಕೊಂಡು ರ‍್ಯಾಂಪಿನಲ್ಲಿ ನಿಂತು, ‘ತಮ್ಮಾ, ಪಂಪು ಆಮೇಲೆ ಹುಡುಕಲಕ್ಕು. ಮೊದಲು ಸರ್ವೇಯರ್‌ನ ಕರಿ’ ಅಂದರು. ಸರ್ವೇಯರ್ ಬಂದು ಲೆವೆಲಿಂಗ್ ಸ್ಟಾಫನ್ನು (ಅಳತೆಯ ಕೋಲನ್ನು) ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ, ಅಂಕಿ ಕಾಣುವ ಹಾಗೆ ಫೋಟೋ ತೆಗೆದ. ಅಂದಿನಿಂದ ನೀರು ಪೂರ್ತಿ ಇಳಿಯುವವರೆಗೆ ಬೆಳಿಗ್ಗೆ ಒಂದು ಸಂಜೆ ಒಂದು, ಅದೇ ಜಾಗ, ಅದೇ ಸ್ಟಾಫು. ಪ್ರತಿ ಫೋಟೋ ದಿನವರದಿಗೆ ಅಂಟಿಸಿ ಕನ್ಸಲ್ಟೆಂಟ್ ಇನ್‌ಸ್ಪೆಕ್ಟರ್ ಸಹಿ ಹಾಕಿಸಿದೆವು. ಒಂದೂವರೆ ವರ್ಷದ ನಂತರ ಕ್ಲೇಮಿನ ಮೇಜಿನ ಮೇಲೆ ಯಾರೂ ಪ್ರಶ್ನೆ ಮಾಡದೆ ಒಪ್ಪಿದ ಒಂದೇ ದಾಖಲೆ ಅದು.

ನೋಟಿಸ್ ಕೊಡುವ ಪ್ರಶ್ನೆ ಬಂದಾಗ ಆಫೀಸಿನಲ್ಲಿ ದೊಡ್ಡ ಗಲಾಟೆ. ಫಿಡಿಕ್ 1999ರ 20.1ನೇ ಕಲಮಿನ ಪ್ರಕಾರ ಘಟನೆ ಗೊತ್ತಾದ 28 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು, ಹೋಗದಿದ್ದರೆ ಹಕ್ಕೇ ಹೋಯಿತು. ನಾನು ಮರುವಾರವೇ ಕರಡು ಸಿದ್ಧಮಾಡಿದೆ. ಮ್ಯಾನೇಜರ್ ಅದನ್ನು ಓದಿ ಮಡಚಿ ಪಕ್ಕಕ್ಕಿಟ್ಟರು. ‘ಮಾಲೀಕರ ಸ್ವಂತ ಮನೆಯ ಒಳಗೂ ನೀರು ನುಗ್ಗಿದೆ. ಈ ವಾರ ಹೋಗಿ ಕಾಗದ ಕೊಡುತ್ತೀಯಾ?’

ಅವರು ಹೇಳಿದ್ದರಲ್ಲಿ ಅರ್ಥವಿತ್ತು. ಕಷ್ಟದಲ್ಲಿರುವವರ ಮನೆಗೆ ಸಾಲದ ಚೀಟಿ ಹಿಡಿದುಕೊಂಡು ಹೋಗುವ ಮರ್ಯಾದೆ ನಮ್ಮೂರಲ್ಲೂ ಇಲ್ಲ. ಅತ್ತ ಕನ್ಸಲ್ಟೆಂಟಿನ ಬ್ರಿಟಿಷ್ ಮುಖ್ಯಸ್ಥರ ಲೆಕ್ಕವೇ ಬೇರೆ: ಕಾಗದ ಬಾರದಿದ್ದರೆ ಘಟನೆಯೇ ನಡೆದಿಲ್ಲ. ಸಮಯಕ್ಕೆ ಸರಿಯಾಗಿ ನೋಟಿಸ್ ಕೊಡುವುದು ಅವರ ದೃಷ್ಟಿಯಲ್ಲಿ ಸಭ್ಯತೆ, ಬಾಯಲ್ಲಿ ಹೇಳಿ ಆಮೇಲೆ ಕ್ಲೇಮ್ ಹಾಕುವುದು ಬೆನ್ನಿಗೆ ಇರಿದ ಹಾಗೆ. ಇಬ್ಬರೂ ಪ್ರಾಮಾಣಿಕರೇ.

ಕೊನೆಗೆ ಶಿರಸಿಯವರು ದಾರಿ ತೋರಿಸಿದರು. ಮ್ಯಾನೇಜರ್ ಹೋಗಿ ಮಾಲೀಕರ ಪ್ರತಿನಿಧಿಯ ಜೊತೆ ಕೂತು ಗಹ್ವಾ (ಅರಬ್ಬೀ ಕಾಫಿ) ಕುಡಿದು, ಮನೆಯ ಕ್ಷೇಮ ವಿಚಾರಿಸಿ, ನಮ್ಮ ಎರಡು ಪಂಪು ಅವರ ಮನೆಗೆ ಕಳಿಸಿ, ಏಳುವ ಮೊದಲು ಕರಾರಿನ ನಿಯಮಕ್ಕಾಗಿ ಒಂದು ಕಾಗದ ಕನ್ಸಲ್ಟೆಂಟ್ ಮೂಲಕ ಬರುತ್ತದೆ ಅಂತ ತಿಳಿಸಿದರು. ಎರಡು ದಿನ ಬಿಟ್ಟು ಕಾಗದ ಹೋಯಿತು. ಅದರಲ್ಲಿ ದೂರಿನ ಒಂದು ಪದವಿಲ್ಲ. ಘಟನೆ ಏನು, ತಾರೀಕು ಯಾವುದು, ಯಾವ ಕಲಮಿನಡಿ ಅವಧಿ ಕೇಳಲಿದ್ದೇವೆ, ವಿವರ ಆಮೇಲೆ ಕೊಡುತ್ತೇವೆ, ಇಷ್ಟೇ. ಅಲ್ಲಿಂದ ಮುಂದೆ ಪ್ರತಿ ನೋಟಿಸಿಗೂ ಇದೇ ಕ್ರಮ ಇಟ್ಟುಕೊಂಡೆವು. ಮೊದಲು ಮಾತು, ಆಮೇಲೆ ಕಾಗದ. ಆದರೆ ಮಾತು ಆಯಿತಲ್ಲ ಅಂತ ಕಾಗದ ಬಿಟ್ಟದ್ದು ಎಂದೂ ಇಲ್ಲ.

ಹೊಸಬರಿಗೆ ಗೊತ್ತಿರಲಿ: ಅಸಾಧಾರಣ ಹವಾಮಾನಕ್ಕೆ 8.4ನೇ ಕಲಮಿನಲ್ಲಿ ಸಮಯ ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ನೀರು ಎಳೆದ ಖರ್ಚು, ಕ್ರೇನಿನ ಬಾಡಿಗೆ, ಕ್ಯಾಂಪಿನ ಬಾಡಿಗೆ ಎಲ್ಲ ನಮ್ಮ ತಲೆ ಮೇಲೆ. ವಿಮೆಯಿಂದ ಹಾಳಾದ ಸಾಮಾನಿಗೆ ಅಷ್ಟಿಷ್ಟು ಬಂತು. ಇದನ್ನು ಹೆಡ್ ಆಫೀಸಿಗೆ ಅರ್ಥ ಮಾಡಿಸಲು ನೋಟಿಸ್ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಎರಡನೇ ಘಟನೆ ಲಾಬಿಯದು. ಮಾಲೀಕರ ಕುಟುಂಬದ ಹಿರಿಯರು ಒಂದು ಸಂಜೆ ಸೈಟಿಗೆ ಬಂದು, ಮುಖ್ಯ ಬಾಗಿಲು ಇನ್ನೊಂದು ಬದಿಗೆ ಬಂದರೆ ಚೆನ್ನಾಗಿರುತ್ತದೆ ಅಂದರು. ಕನ್ಸಲ್ಟೆಂಟಿನ ರೆಸಿಡೆಂಟ್ ಎಂಜಿನಿಯರ್ ಪಕ್ಕದಲ್ಲೇ ನಿಂತು ‘ಮಾಡಿ, ಮಾಡಿ’ ಅಂದರು. ಮಾಲೀಕರ ಮಾತು ನೇರವಾಗಿ ಆದೇಶವಲ್ಲ, ಕನ್ಸಲ್ಟೆಂಟ್ ಮೂಲಕವೇ ಬರಬೇಕು. ಅವರು ಬಾಯಲ್ಲಿ ಹೇಳಿದರೆ 3.3ನೇ ಕಲಮಿನಂತೆ ಎರಡು ಕೆಲಸದ ದಿನದೊಳಗೆ ನಾವು ಲಿಖಿತವಾಗಿ ಖಚಿತಪಡಿಸಬೇಕು. ಅವರು ಮತ್ತೆರಡು ಕೆಲಸದ ದಿನದೊಳಗೆ ಬೇಡವೆನ್ನದಿದ್ದರೆ ಅದೇ ಆದೇಶವಾಗುತ್ತದೆ. ಆ ರಾತ್ರಿಯೇ ಕಳಿಸಿದೆವು. ನಿಮ್ಮ ಕರಾರಿನ ವಿಶೇಷ ಷರತ್ತುಗಳಲ್ಲಿ ಈ ಕಲಮನ್ನು ಹೊಡೆದು ಹಾಕಿದ್ದಾರೋ ಏನೋ ಮೊದಲು ನೋಡಿಕೊಳ್ಳಿ, ಗಲ್ಫಿನಲ್ಲಿ ಹಾಗೆ ಮಾಡುವುದುಂಟು.

ಬಾಗಿಲು ಬದಲಾದ್ದರಿಂದ ಗಾಜಿನ ಡ್ರಾಯಿಂಗ್ ಬದಲಾಯಿತು. ಜರ್ಮನಿಯವರಿಗೆ ಹೊಸ ಡ್ರಾಯಿಂಗ್ ಕೆಲವೇ ದಿನ ತಡವಾಗಿ ತಲುಪಿತು. ಅಷ್ಟಕ್ಕೆ ಕಾರ್ಖಾನೆಯಲ್ಲಿ ನಮ್ಮ ಸರದಿ ತಪ್ಪಿ ವಾರಗಟ್ಟಲೆ ಹಿಂದೆ ಹೋಯಿತು. ಎಷ್ಟು ಗೋಗರೆದರೂ ಆಗುವುದಿಲ್ಲ ಅಂದರು, ಹೇಳಿದ ಹೊಸ ದಿನಕ್ಕೆ ಒಂದು ಗಂಟೆಯೂ ತಪ್ಪದೆ ತಂದಿಳಿಸಿದರು. ಅದೇ ಹೊತ್ತಿಗೆ ಬಾಗಿಲಿನ ಮರಗೆಲಸದ ಸ್ಥಳೀಯ ಅಂಗಡಿಯವರು ‘ಎರಡು ವಾರ’ ಅಂದಿದ್ದರು. ಎರಡು ವಾರಕ್ಕೆ ಬರಲಿಲ್ಲ. ಆದರೆ ಡ್ರಾಯಿಂಗ್ ಮೂರು ಸಲ ಬದಲಾದರೂ ಒಂದು ಮಾತಾಡದೆ, ಕೊನೆಯ ರಾತ್ರಿ ಜನ ಕೂರಿಸಿ ಮುಗಿಸಿಕೊಟ್ಟರು. ನನ್ನನ್ನು ಕೇಳಿದರೆ ಡ್ರಾಯಿಂಗ್ ಪಕ್ಕಾ ಇರುವ ಕೆಲಸಕ್ಕೆ ಮೊದಲಿನವರು ಬೇಕು, ಪಕ್ಕಾ ಇಲ್ಲದ ಕೆಲಸಕ್ಕೆ ಎರಡನೆಯವರು. ಪ್ರೋಗ್ರಾಂನಲ್ಲಿ ಇಬ್ಬರ ತಾರೀಕನ್ನೂ ಒಂದೇ ತೂಕದಲ್ಲಿ ಬರೆದುಕೊಳ್ಳಬಾರದು.

ಕ್ಲೇಮ್ ಕಟ್ಟುವ ಕೆಲಸ 2025ರ ಮೊದಲಲ್ಲಿ ಹಿಡಿದೆವು. ಘಟನೆ ಗೊತ್ತಾದ 42 ದಿನದೊಳಗೆ ವಿವರ ಕೊಡಬೇಕು, ಅದನ್ನು ಆಯಾ ಕಾಲಕ್ಕೆ ಕೊಟ್ಟಿದ್ದೆವು. ಈಗ ಎಲ್ಲವನ್ನೂ ಒಂದುಗೂಡಿಸಿ, ಪ್ರತಿ ಘಟನೆ ಕ್ರಿಟಿಕಲ್ ಪಾತಿನ (ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುವ ಕೆಲಸಗಳ ಸರಣಿಯ) ಮೇಲೆ ಎಷ್ಟು ದಿನ ತಿಂದಿತು ಅಂತ ತೋರಿಸಬೇಕಿತ್ತು. ತಿಂಗಳ ತಿಂಗಳ ಅಪ್‌ಡೇಟ್ ಫೈಲುಗಳು, ದಿನವರದಿ, ಪತ್ರ, ಸಭೆಯ ನಡಾವಳಿ, ಹವಾಮಾನ ಕೇಂದ್ರದ ಅಧಿಕೃತ ಅಂಕಿ, ಗೇಟಿನ ಪಂಚಿಂಗ್ ದಾಖಲೆ. ಊರಿನಲ್ಲಿ ಕಾಲುವೆ ಕೆಲಸದಲ್ಲಿದ್ದಾಗ ಹಿಂಡ್ರನ್ಸ್ ರಿಜಿಸ್ಟರ್ ಅಂತ ಒಂದಿರುತ್ತಿತ್ತು. ಜಮೀನು ಸಿಗಲಿಲ್ಲ, ಮರಳು ಬರಲಿಲ್ಲ, ಕಂಬ ತೆಗೆಯಲಿಲ್ಲ ಅಂತ ಬರೆದು ಇಲಾಖೆಯವರೂ ಗುತ್ತಿಗೆದಾರರೂ ಸಹಿ ಹಾಕುತ್ತಿದ್ದೆವು. ಆಷಾಢದಲ್ಲಿ ಗುದ್ದಲಿ ಪೂಜೆ ಬೇಡವೆಂದು ಕೆಲಸ ಶ್ರಾವಣಕ್ಕೆ ಹೋದದ್ದನ್ನು ಮಾತ್ರ ಯಾರೂ ಬರೆಯುತ್ತಿರಲಿಲ್ಲ, ಅದು ಇಬ್ಬರಿಗೂ ವಿಳಂಬವೇ ಅಲ್ಲ. ಇಲ್ಲಿ ಅಂಥ ಜಂಟಿ ಪುಸ್ತಕ ಇರಲಿಲ್ಲ, ಕಾಗದಗಳಿಂದಲೇ ಕಟ್ಟಿಕೊಳ್ಳಬೇಕಾಯಿತು.

ಪಂಚಿಂಗ್ ದಾಖಲೆ ಎರಡಲಗಿನ ಕತ್ತಿಯಾಯಿತು. 2024ರ ಈದ್ ಏಪ್ರಿಲ್ 10ಕ್ಕೆ. ರಜೆ ಮುಗಿದು ಕೆಲಸ ಶುರುವಾದ ಮರುದಿನವೇ ಮಳೆ. ಊರಿಗೆ ಹೋದ ಎಷ್ಟೋ ಜನ ಇನ್ನೂ ಬಂದಿರಲಿಲ್ಲ. ‘ಮಳೆ ಬಾರದಿದ್ದರೂ ನಿಮ್ಮಲ್ಲಿ ಜನ ಇರಲಿಲ್ಲ’ ಅಂತ ಕನ್ಸಲ್ಟೆಂಟಿನ ಕ್ಲೇಮ್ ತಜ್ಞ ಹಿಡಿದುಕೊಂಡರು. ಎರಡೂ ಕಡೆಯ ವಿಳಂಬ ಒಟ್ಟಿಗೇ ಆದರೆ ಏನು ಮಾಡಬೇಕು ಅನ್ನುವುದು ಈ ವೃತ್ತಿಯ ಮುಗಿಯದ ತಂಟೆ. ಬಾರದವರಲ್ಲಿ ಬಾರ್‌ಬೆಂಡರ್ ಎಷ್ಟು, ಬಡಗಿ ಎಷ್ಟು, ಆ ವಾರ ಬೇಸ್‌ಮೆಂಟಿಗೆ ಬೇಕಾದವರು ಎಷ್ಟು ಅಂತ ಹೆಸರು ಹಿಡಿದು ತೋರಿಸಿದೆವು. ಆದರೂ ಅಲ್ಲಿ ಕೆಲವು ದಿನ ಕಳೆದುಕೊಂಡೆವು. ಒಪ್ಪತಕ್ಕ ಮಾತೇ, ನನಗೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ಆಮೇಲಿನ ಮೌನಕ್ಕೆ. ಕನ್ಸಲ್ಟೆಂಟ್ 42 ದಿನದೊಳಗೆ ಉತ್ತರಿಸಬೇಕು ಅಂತ ಕರಾರು ಹೇಳುತ್ತದೆ. ಉತ್ತರಿಸದಿದ್ದರೆ? 1999ರ ನಮೂನೆಯಲ್ಲಿ ಮೌನ ಸಮ್ಮತಿಯಲ್ಲ. ನಮಗೆ 28 ದಿನ ತಪ್ಪಿದರೆ ಹಕ್ಕು ಹೋಯಿತು, ಅವರಿಗೆ ಗಡುವು ತಪ್ಪಿದರೆ ಏನೂ ಇಲ್ಲ. ಗಡಿಯಾರ ನೋಡಿಕೊಂಡು ಬದುಕುವ ಸಂಸ್ಕೃತಿಯವರು ಎಂದು ಸ್ಲೈಡಿನಲ್ಲಿ ಹೊಗಳಿಸಿಕೊಂಡವರ ಮೇಜಿನ ಮೇಲೆಯೇ ನಮ್ಮ ಫೈಲು ತಿಂಗಳುಗಟ್ಟಲೆ ಕೂತಿತು. ಅತ್ತ ಮುಗಿಸಬೇಕಾದ ತಾರೀಕು ದಾಟಿತು, ದಂಡ ಹಿಡಿಯಲು ಶುರುಮಾಡಿದರು. ದಂಡ ಹಿಡಿದರೆ ನಮ್ಮಿಂದ ಉಪಗುತ್ತಿಗೆದಾರರಿಗೆ ಪಾವತಿ ತಡ, ಅವರಿಂದ ಕೆಲಸಗಾರರ ಓವರ್‌ಟೈಮ್ ತಡ. ಅಕ್ಕನ ಮಗಳ ಮದುವೆಗೆ ಕುಂದಾಪುರಕ್ಕೆ ಹೋಗಲು ತೆಗೆದಿಟ್ಟ ಟಿಕೆಟು ರದ್ದು ಮಾಡಿದೆ. ‘ನಿನ್ನ ಬಿಲ್ಡಿಂಗ್ ಎಂತ ಓಡಿ ಹೋತ್ತಾ?’ ಅಂತ ಅಕ್ಕ ಕೇಳಿದ್ದಕ್ಕೆ ಉತ್ತರ ಇರಲಿಲ್ಲ.

ಬಿಡಿಸಿಕೊಟ್ಟವರು ಮಾಲೀಕರ ಕಡೆಯ ಕರಾರು ವ್ಯವಸ್ಥಾಪಕರು. ಅವರ ಆಫೀಸಿಗೆ ಹೋದರೆ ಮೊದಲ ಅರ್ಧ ಗಂಟೆ ಊರು, ಮಕ್ಕಳು, ತಂದೆಯ ಆರೋಗ್ಯ. ಮೊದಮೊದಲು ನನಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಆಮೇಲೆ ತಿಳಿಯಿತು, ವಿಷಯವೆಲ್ಲ ಆ ಅರ್ಧ ಗಂಟೆಯಲ್ಲೇ ಬರುತ್ತದೆ. ಇಲ್ಲ ಅಂತ ಮುಖಕ್ಕೆ ಹೇಳುವವರಲ್ಲ ಅವರು. ‘ಸಮಯ ಕೊಡಲು ನಮಗೆ ಕಷ್ಟವಿಲ್ಲ, ಹಣಕಾಸಿನವರಿಗೆ ನಿಮ್ಮ ಮೂರನೇ ಭಾಗ ಇಷ್ಟವಿಲ್ಲ’ ಅಂತ ಚಹಾದ ನಡುವೆ ಒಂದು ಮಾತು ಬಂತು. ಮೂರನೇ ಭಾಗ ಅಂದರೆ ಹೆಚ್ಚುವರಿ ದಿನಗಳ ನಿರ್ವಹಣಾ ವೆಚ್ಚ. ಶಿರಸಿಯವರೂ ಮ್ಯಾನೇಜರೂ ಹೆಡ್ ಆಫೀಸಿನ ಜೊತೆ ಕೂತು ಲೆಕ್ಕ ಹಾಕಿದರು. ಲಾಬಿ ಬದಲಾವಣೆಯ ದುಡ್ಡು ಉಳಿಸಿಕೊಂಡು ಉಳಿದದ್ದರಲ್ಲಿ ಬಹುಪಾಲು ಬಿಟ್ಟುಕೊಟ್ಟರೆ, ದಂಡ ತಪ್ಪಿದ್ದೇ ಅದಕ್ಕಿಂತ ದೊಡ್ಡದು ಅಂತ ಕಂಡಿತು. ಹಾಗೆಯೇ ಒಪ್ಪಂದವಾಯಿತು. ಬಾಯಿ ಮಾತಾದ ಸಂಜೆಯೇ ಅದನ್ನು ಸಭೆಯ ನಡಾವಳಿಯಾಗಿ ಬರೆದು ಕಳಿಸಿದೆವು. ಕನ್ಸಲ್ಟೆಂಟಿನ ನಿರ್ಣಯ ಪತ್ರ ಆಮೇಲೆ ಬೇಗನೆ ಬಂತು.

ಪತ್ರ ಬಂದ ಮೇಲೆ ಸುಮ್ಮನೆ ಕೂರಬೇಡಿ, ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪರ್ಫಾರ್ಮೆನ್ಸ್ ಬಾಂಡ್ (ಕೆಲಸ ಮುಗಿಸುತ್ತೇವೆ ಅನ್ನುವುದಕ್ಕೆ ಬ್ಯಾಂಕಿನ ಖಾತರಿ), ವಿಮೆ, ಕಟ್ಟಡ ಪರವಾನಗಿ ಎಲ್ಲದರ ಕೊನೆಯ ದಿನಾಂಕವನ್ನೂ ಹೊಸ ತಾರೀಕಿಗೆ ವಿಸ್ತರಿಸಬೇಕು, ಪ್ರತಿಯೊಂದಕ್ಕೂ ಶುಲ್ಕ ಇದೆ, ಅದನ್ನು ಕ್ಲೇಮಿನ ಮೊತ್ತದಲ್ಲಿ ಸೇರಿಸಲು ಮರೆಯುವವರೇ ಹೆಚ್ಚು. ಹಿಡಿದಿಟ್ಟ ದಂಡ ಮುಂದಿನ ಬಿಲ್ಲಿನಲ್ಲಿ ವಾಪಸು ತೋರಿಸಿದ್ದಾರೆಯೇ ನೋಡಿಕೊಳ್ಳಿ. ಪರಿಷ್ಕೃತ ಪ್ರೋಗ್ರಾಮಿಗೆ ಹೊಸ ಬೇಸ್‌ಲೈನ್ ಅಂತ ಒಪ್ಪಿಗೆ ಪಡೆಯಿರಿ. ನಮ್ಮದರಲ್ಲಿ 2026ರ ಫೆಬ್ರವರಿ ಮೂರನೇ ವಾರದಿಂದ ರಂಜಾನ್ ಹಾಕಿದ್ದೇನೆ. ಬಾಂಡ್ ವಿಸ್ತರಣೆಗೆ ಬ್ಯಾಂಕಿನವರು ನಿರ್ಣಯ ಪತ್ರದ ಮೂಲ ಪ್ರತಿಯೇ ಬೇಕು, ಸ್ಕ್ಯಾನ್ ಆಗುವುದಿಲ್ಲ ಅಂದಿದ್ದಾರೆ. ಅದನ್ನು ತರಲು ನಾಳೆ ಬೆಳಿಗ್ಗೆ ಕನ್ಸಲ್ಟೆಂಟ್ ಆಫೀಸಿಗೆ ಹೋಗಬೇಕು.